ನಾಲ್ಕನೆಯ ಮೂಲೆಯ ಭಾರ

ನಮ್ಮ ಮಾಮಾ ಅರವತ್ತೆಂಟು ಕಿಲೋ ತೂಗುತ್ತಾರೆ. ಮನೆಗೆ ಅವರಿಂದ ಆಗಿರುವ ಮುಖ್ಯ ಉಪಕಾರ ಅದೊಂದೇ ಎಂದು ಮಾಮಿ ಹೇಳುತ್ತಾರೆ. ಮಾಮಾ ಇದನ್ನು ಅಲ್ಲಗಳೆಯುವುದಿಲ್ಲ. "ಅರವತ್ತೆಂಟೂವರಿ" ಎಂದು ತಿದ್ದುತ್ತಾರೆ, ಅಷ್ಟೇ.

ನಾನು ಭೂಮಾಪನದ ಕೆಲಸದವನು. ಹೊಲ ಅಳೆಯುವುದು, ಅಳೆದದ್ದನ್ನು ಬರೆಯುವುದು ನನ್ನ ಉದ್ಯೋಗ. ನಿಪ್ಪಾಣಿಗೆ ವರ್ಗವಾದಾಗ, ಬಾಡಿಗೆ ಮನೆ ಸಿಗುವವರೆಗೆ ಎಂದು ಹೇಳಿ ಬೋರಗಾಂವದಲ್ಲಿ ನನ್ನ ತಾಯಿಯ ತಮ್ಮನಾದ ಈ ಮಾಮಾನ ಮನೆಯಲ್ಲಿ ಇಳಿದೆ. ಎರಡು ವರ್ಷ ಆಯಿತು. ಬಾಡಿಗೆ ಮನೆ ಸಿಗಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಮಾಮಿ ಮಾಡುವ ಝುಣಕ ಮತ್ತು ಬಿಸಿ ರೊಟ್ಟಿ ಉಂಡ ಮೇಲೆ ಯಾರು ಹುಡುಕುತ್ತಾರೆ ಎಂದು ತಿರುಗಿ ಕೇಳುತ್ತೇನೆ. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನಗೆ ರೂಢಿ. ಆದರೂ ಈ ಸಲ ಬೇಸಿಗೆಯಲ್ಲಿ ಆ ಮನೆಯ ಪಡಸಾಲೆಯಲ್ಲಿ ಕಂಡದ್ದನ್ನು ಬರೆಯಲು ಕೂತಾಗ ಎರಡು ಸಲ ಪೆನ್ನು ಕೆಳಗಿಟ್ಟೆ. ಆದ್ದರಿಂದ ಮೊದಲಿನಿಂದ, ನಿಧಾನವಾಗಿ ಹೇಳುತ್ತೇನೆ.

ಮಾಮಾ ಮೂವತ್ತು ವರ್ಷಕ್ಕೂ ಮೇಲೆ ವಿದ್ಯುತ್ ಮಗ್ಗಗಳ ಜಾಬರ್ ಆಗಿದ್ದರು. ಜಾಬರ್ ಅಂದರೆ ಮಗ್ಗ ಕೆಟ್ಟಾಗ ಸರಿಮಾಡುವವನು. ಅಷ್ಟು ವರ್ಷ ಮಗ್ಗದ ಸದ್ದಿನಲ್ಲಿ ನಿಂತು ಅವರಿಗೆ ಎರಡು ಗುಣ ಅಂಟಿಕೊಂಡವು. ಒಂದು, ಅವರು ಪಿಸುಗುಟ್ಟಿದರೆ ಮೂರು ಮನೆಯಾಚೆ ಕೇಳುತ್ತದೆ. ಇನ್ನೊಂದು, ನಿಜವಾಗಿಯೂ ಗುಟ್ಟಿನ ಮಾತಿದ್ದರೆ ಅವರು ಬಾಯಿ ತೆರೆಯುವುದೇ ಇಲ್ಲ, ಕೈಸನ್ನೆ ಮಾಡುತ್ತಾರೆ. ಮಗ್ಗದ ಮನೆಯಲ್ಲಿ ಮಾತು ಕೇಳಿಸುವುದಿಲ್ಲವಲ್ಲ. ಅಲ್ಲಿಯವರಿಗೆ ಎಲ್ಲದಕ್ಕೂ ಒಂದೊಂದು ಸನ್ನೆ ಇದೆ. ಅಂಗೈ ನೆಟ್ಟಗೆ ಎತ್ತಿದರೆ ಮಗ್ಗ ನಿಲ್ಲಿಸು. ಎರಡು ಬೆರಳು ಕೂಡಿಸಿ ಬಿಟ್ಟರೆ ಕತ್ತರಿ ತಾ. ಕಿವಿ ಮುಟ್ಟಿಕೊಂಡರೆ ಮಾಲಕ ಬಂದ. ಈ ಸನ್ನೆಗಳನ್ನು ಊಟಕ್ಕೆ ಕೂತಾಗ ನನಗೆ ಒಂದೊಂದಾಗಿ ಕಲಿಸಿದ್ದರು. ಯಾಕೆ ಕಲಿಸುತ್ತಿದ್ದಾರೆಂದು ಆಗ ನಾನು ಕೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಕೆಲಸ ಬಿಟ್ಟು ಮನೆಗೆ ಬಂದವರು ಮೊದಲ ವಾರ ಸುಮ್ಮನೆ ಕೂತು ಮನೆಯನ್ನು ನೋಡಿದರಂತೆ. ಎರಡನೆಯ ವಾರ, "ಇದು ಮನಿ ಅಲ್ಲ, ಜಾಬರ್ ಇಲ್ಲದ ಮಗ್ಗದ ಶೆಡ್ಡು" ಎಂದು ತೀರ್ಪು ಕೊಟ್ಟು ನೀಲಿ ಬಣ್ಣದ ಡಬ್ಬಿ ತಂದರು. ಗೋಡೆಗೆ ಮೊಳೆ ಹೊಡೆದು ನಟ್ಟು ತಿರುಗಿಸುವ ಪಾನೆ ತೂಗುಹಾಕಿದರು, ಅದರ ಸುತ್ತ ಅದರದೇ ಆಕಾರದ ಗೆರೆ ಎಳೆದರು. ಪಾನೆ ತೆಗೆದರೆ ಗೋಡೆಯ ಮೇಲೆ ಪಾನೆಯ ನೆರಳು ಉಳಿಯುತ್ತದೆ; ಮರಳಿ ಎಲ್ಲಿ ಇಡಬೇಕೆಂದು ಕುರುಡನಿಗೂ ಗೊತ್ತಾಗಬೇಕು, ಅದು ಅವರ ಸಿದ್ಧಾಂತ. ಪಾನೆ ಆದ ಮೇಲೆ ಸುತ್ತಿಗೆ. ಸುತ್ತಿಗೆ ಆದ ಮೇಲೆ ಕತ್ತರಿ, ಲಟ್ಟಣಿಗೆ, ಸೌಟು, ಜರಡಿ. ಮಾಮಿಯ ಚಷ್ಮಾಕ್ಕೂ ಒಂದು ಜಾಗ ಬರೆದರು. ಮುಂದೆ ಅವರ ದೃಷ್ಟಿ ನೆಲಕ್ಕೆ ಇಳಿಯಿತು. ಪಡಸಾಲೆಯಲ್ಲಿ ಊಟದ ತಾಟುಗಳಿಗೆ ಆರು ವರ್ತುಲ ಬರೆದರು. ನಾಲ್ಕು ನೀಲಿ, ಮನೆಯವರಿಗೆ. ಎರಡು ಕೆಂಪು, ಬಂದವರಿಗೆ.

ಅವರ ಮಗಳು ಶೋಭಾಳನ್ನು ರಾಯಬಾಗಕ್ಕೆ ಕೊಟ್ಟಿದ್ದಾರೆ. ಅಲ್ಲಿಯ ಬೀಗರು ಮದುವೆಯಾದ ಮೇಲೆ ಮೊದಲ ಸಲ ಊಟಕ್ಕೆ ಬಂದು, ಕಾಲು ಮಡಚಿ ಆರಾಮಾಗಿ ಕೂತರು. ಮಾಮಾ ಅವರ ಮುಂದೆ ಬಂದು ನಿಂತರು.

"ಬೀಗರ, ಒಂದ್ ಗೇಣ ಸರೀರಿ."

"ಯಾಕ್ರಿ, ಬಿಸಲ ಬರ್ತೈತೇನು?"

"ಬಿಸಲಿಲ್ರಿ. ನೀವು ನನ್ನ ತಾಟಿನ ಮ್ಯಾಲ ಕುಂತೀರಿ."

ಬೀಗರು ಕೆಳಗೆ ನೋಡಿಕೊಂಡರು. ನೀಲಿ ವರ್ತುಲದ ಅರ್ಧ ಅವರ ಕೆಳಗಿತ್ತು. ದೊಡ್ಡ ಮನುಷ್ಯರು, ಸರಿದರು. ಆದರೆ ಆ ದಿನದಿಂದ ಈ ಮನೆಯಲ್ಲಿ ಎಲ್ಲಿಯೇ ಕೂರುವ ಮುಂಚೆ ಒಮ್ಮೆ ನೆಲ ನೋಡಿಯೇ ಕೂರುತ್ತಾರೆ.

ಈಗ ಮಾಮಿಯ ವಿಷಯಕ್ಕೆ ಬರಬೇಕು, ಯಾಕೆಂದರೆ ಆ ಪಡಸಾಲೆ ಮೊದಲಿನಿಂದ ಅವರದು. ಮಾಮಿ ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ ಧೋತರಗಳನ್ನು ಪದರು ಪದರು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಒಳಗೆ ಸುತ್ತುತ್ತಾ ಸಾಲಾಗಿ ಕೈಹೊಲಿಗೆ ಹಾಕುತ್ತಾ ಹೋಗುವುದು. ಹಾಸಿದ ಕೌದಿಗೆ ಏಳು ಅಡಿ ಉದ್ದ, ಐದೂವರೆ ಅಡಿ ಅಗಲದ ನೆಲ ಬೇಕು. ಮನೆಯಲ್ಲಿ ಅಷ್ಟು ಬರಿ ನೆಲ ಇರುವುದು ಪಡಸಾಲೆಯಲ್ಲಿ ಮಾತ್ರ, ಅಂದರೆ ಆರು ತಾಟಿನ ವರ್ತುಲಗಳ ಮೇಲೆಯೇ. ಹೊಲಿಗೆ ನಡೆದರೆ ಊಟಕ್ಕೆ ಜಾಗವಿಲ್ಲ, ಊಟಕ್ಕೆ ಕೂತರೆ ಕೌದಿ ಸುತ್ತಿಡಬೇಕು; ಸುತ್ತಿಟ್ಟರೆ ಪದರು ಸರಿಯುತ್ತದೆ.

ಬೇರೆ ಯಾವ ಗಂಡನಾದರೂ ಹೊರಗಿನ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದನೋ ಏನೋ. ಮಾಮಾ ಜಂತಿಗೆ ಬಾವಿಯ ರಾಟೆಯಂಥ ನಾಲ್ಕು ಗಡಗಡಿ ಬಿಗಿದರು. ಕೌದಿಯ ಕೆಳಗೆ ಎರಡು ಬಿದಿರು, ಬಿದಿರಿಗೆ ಹಗ್ಗ, ಹಗ್ಗ ಗಡಗಡಿಯ ಮೇಲೆ. ಊಟದ ಹೊತ್ತಿಗೆ ಹಗ್ಗ ಜಗ್ಗಿದರೆ ಹಾಸಿದ ಕೌದಿ ಹಾಸಿದ ಹಾಗೆಯೇ ಮೇಲೆ ಹೋಗಿ ಮಾಳಿಗೆಯ ಕೆಳಗೆ ನಿಲ್ಲುತ್ತದೆ. ನಾವು ಅದರ ಕೆಳಗೆ ಕೂತು ಉಣ್ಣುತ್ತೇವೆ. ಮಾಮಾ ಇದನ್ನು ಶಿಫ್ಟು ಎನ್ನುತ್ತಾರೆ. ಮೊದಲನೆಯ ಶಿಫ್ಟು ಕೌದಿ, ಎರಡನೆಯದು ಊಟ.

ಈ ವ್ಯವಸ್ಥೆ ಮೊದಲ ದಿನವೇ ಮೆಚ್ಚುಗೆ ಪಡೆಯಿತು. ಎರಡನೆಯ ದಿನ ನನ್ನ ಆಮಟಿ ಸಾರಿನಲ್ಲಿ ಸೂಜಿ ಸಿಕ್ಕಿತು.

ನಾನು ಅದನ್ನು ಬಾಯಿಗೆ ಹೋಗುವ ಮುಂಚೆ ಕಂಡೆ. ದಾರ ಸಮೇತ ಎತ್ತಿ ತೋರಿಸಿದೆ. ಮಾಮಾ ತಮ್ಮ ತಾಟಿನಿಂದ ಕಣ್ಣೆತ್ತದೆ, "ಚಲೋ ಆತು, ಮುಂಜಾನಿಂದ ಹುಡಕಾಕತ್ತಿದ್ದೆ" ಎಂದರು. ಅಂದಿನಿಂದ ಕೌದಿ ಮೇಲೇರುವ ಮುಂಚೆ ಸೂಜಿಗಳು ಏಳೂ ಇವೆಯೇ ಎಂದು ನೋಡಿಯೇ ಹಗ್ಗ ಜಗ್ಗುವ ನಿಯಮ ಬಂತು.

ಏಳು ಸೂಜಿ ಯಾಕೆ? ಇಲ್ಲಿ ಒಂದು ಮಾತು ಹೇಳಲೇಬೇಕು. ಮಾಮಿಗೆ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿದಿದೆ. ಎಡಗಣ್ಣಿನಲ್ಲಿ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಬಲಗಣ್ಣಿನಲ್ಲಿ ಮುಂದಿರುವವರ ಆಕಾರ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಸೂಜಿಯ ಕಣ್ಣಿಗೆ ದಾರ ಪೋಣಿಸುವುದಂತೂ ಆಗದ ಮಾತು. ಅದಕ್ಕೆ ಮಾಮಾ ದಿನಾ ಮುಂಜಾನೆ ಚಹಾ ಕುಡಿಯುವ ಮುಂಚೆ ಏಳು ಸೂಜಿಗೆ ದಾರ ಪೋಣಿಸಿ ಹತ್ತಿಯ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಾರೆ. ಒಂದು ದಾರ ತೀರಿದರೆ ಮುಂದಿನ ಸೂಜಿ. ಏಳು ತೀರಿದರೆ ಆ ದಿನದ ಹೊಲಿಗೆ ಮುಗಿಯಿತು.

ಅರಿವೆಗಳನ್ನೂ ಮಾಮಾ ಜೋಡಿಸಲು ಹೋಗಿದ್ದರು. ಎಣ್ಣೆಯ ಖಾಲಿ ಡಬ್ಬಿಗಳನ್ನು ತೊಳೆದು ಒಂದರ ಮೇಲೆ ಕೆಂಪು, ಒಂದರ ಮೇಲೆ ಹಸಿರು, ಒಂದರ ಮೇಲೆ ಹೂವಿನದು ಎಂದು ಬರೆದು ತುಂಡುಗಳನ್ನು ವಿಂಗಡಿಸಿಟ್ಟರು. ಮಾಮಿ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಸುರುವಿ ಮತ್ತೆ ಜೋಡಿಸಿದರು, ಬಣ್ಣದ ಪ್ರಕಾರ ಅಲ್ಲ, ಮಂದಿಯ ಪ್ರಕಾರ. ಒಂದು ಡಬ್ಬಿಯಲ್ಲಿ ಶೋಭಾ, ಒಂದರಲ್ಲಿ ಮಾಮಿಯ ತವರಿನವರು, ಒಂದರಲ್ಲಿ ಓಣಿಯವರು. ಮಾಮಾನಿಗೆ ಎರಡು ಡಬ್ಬಿ, ಎರಡರಲ್ಲಿಯೂ ಬರಿ ಬಿಳಿ ಧೋತರ.

"ಬಣ್ಣ ನನಗ ಈಗ ಕಾಣೂದಿಲ್ಲ. ಮಂದಿ ಮುಟ್ಟಿದ್ರ ತಿಳೀತಾರ" ಎಂದರು.

ಶೋಭಾ ನಂಬಲಿಲ್ಲ. ಅವಳು ಮೊದಲನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿಯ ಕೈಗೆ ಒಂದೊಂದು ತುಂಡು ಕೊಟ್ಟು ಪರೀಕ್ಷೆ ಮಾಡಿದಳು. ನಾನು ಎದುರಿಗೇ ಇದ್ದೆ.

"ಇದ ಯಾರದು, ಹೇಳ?"

"ನಿಂದು. ಸಾಲಿಗಿ ಹೋಗೂ ಮುಂದಿನ ಲಂಗ."

"ಇದು?"

"ಬಾಜೂ ಮನಿ ಅಕ್ಕಾತಾಯಿ ಕುಬಸ. ಬಗಲಾಗ ಎಷ್ಟ್ ಸಲಾ ಬಿಚ್ಚಿ ಹೊಲದಾಳ ನೋಡ. ದಪ್ಪಗಾಗೂದ ಬಿಡಲಿಲ್ಲ, ಹೊಸಾದ ಹೊಲಸೂದ ಮಾಡಲಿಲ್ಲ."

"ಇದು?"

ಮಾಮಿ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದರು. "ಇದು ನೀ ಈಗ ಕತ್ತರಿಸಿದ್ದು. ಅಂಚ ಹಸೀ ಐತಿ, ಎಳಿ ಬಿಡಾಕತ್ತಾವು. ನನ್ನ ಚಲೋ ಟಾವೆಲ್ ಕತ್ತರಿಸಿಯಲ್ಲ ಖೋಡಿ?"

ಟಾವೆಲ್ ಕತ್ತರಿಸಿದ್ದು ನಿಜವಾಗಿತ್ತು.

ಕೌದಿ ಶೋಭಾಳಿಗಾಗಿಯೇ. ಬಾಣಂತನ ಮುಗಿಸಿ ರಾಯಬಾಗಕ್ಕೆ ಹೊರಟಾಗ ಕೂಸಿನ ಜೊತೆ ಹೋಗಬೇಕು. ಬಾಣಂತನದ ಕೌದಿಯನ್ನು ಬೇರೆಯವರಿಂದ ಹೊಲಿಸಬಹುದಿತ್ತು, ಮಾಮಿ ಒಪ್ಪಲಿಲ್ಲ. ಆದರೆ ಹೊಲಿಗೆ ಶುರು ಮಾಡಿದ ದಿನ ಎಲ್ಲರ ಮುಂದೆ ಒಂದು ಮಾತು ಹೇಳಿದರು.

ಕಬ್ಬೂರಿನಲ್ಲಿದ್ದ ಅವರ ತಾಯಿ ಮುಪ್ಪಿನಲ್ಲಿ ಕಣ್ಣು ಕಾಣದೆ, ಕೌದಿಯನ್ನು ಕೆಳಗೆ ಹಾಸಿದ್ದ ಜಮಖಾನೆಗೆ ಸೇರಿಸಿ ಹೊಲಿದುಬಿಟ್ಟಿದ್ದರಂತೆ. ಎತ್ತಿದರೆ ಎರಡೂ ಕೂಡಿ ಬಂದವು. ಊರಿನ ಹೆಂಗಸರು ನಕ್ಕರು. ನಕ್ಕದ್ದು ಒಂದು ದಿನವಲ್ಲ. ಆ ಮುದುಕಿ ಸಾಯುವವರೆಗೆ, ಜಮಖಾನೆ ಹಾಸಿದಾಗಲೆಲ್ಲ ನಕ್ಕರು. ಆ ತಾಯಿ ಮತ್ತೆ ಸೂಜಿ ಮುಟ್ಟಲಿಲ್ಲ.

"ನಾನೂ ಅಷ್ಟ. ಕೌದಿ ಬಿಟ್ಟ ಬ್ಯಾರೆ ಏನರ ಕೂಡಿಸಿ ಹೊಲದೆ ಅಂದ್ರ, ಅವತ್ತ ಸೂಜಿ ಇಟ್ಟಬಿಡ್ತೀನಿ. ಮಂದಿ ನಗೂದ ಕೇಳ್ಕೋತ ಕುಂದರಾಕ ನನ್ನ ಕಡಿಂದ ಆಗೂದಿಲ್ಲ" ಎಂದರು ಮಾಮಿ.

ಮರುದಿನ ಪಡಸಾಲೆಯಲ್ಲಿದ್ದ ಜಮಖಾನೆ ಕಾಣೆಯಾಗಿತ್ತು. ಎಲ್ಲಿ ಎಂದು ಕೇಳಿದ್ದಕ್ಕೆ ಮಾಮಾ, "ಅಕ್ಕಾತಾಯಿಗಿ ಕೊಟ್ಟೆ, ಆಕೀಗಿ ತಂಡಿ ಆಗಾಕತ್ತಿತ್ತಂತ" ಎಂದರು. ಬೋರಗಾಂವದಲ್ಲಿ ಆಗ ಫ್ಯಾನ್ ಹಚ್ಚದೆ ಕೂರುವಂತಿರಲಿಲ್ಲ.

ಆ ಟೇಬಲ್ ಫ್ಯಾನಿನಿಂದಲೇ ಮಾಮಾನ ಅರವತ್ತೆಂಟು ಕಿಲೋಗೆ ಕೆಲಸ ಬಂತು. ಗಾಳಿಗೆ ಕೌದಿಯ ಮೂಲೆಗಳು ಏಳುತ್ತಿದ್ದವು. ಒಂದು ಮೂಲೆಗೆ ಖಾರ ಕುಟ್ಟುವ ಗುಂಡುಕಲ್ಲು, ಒಂದಕ್ಕೆ ಹಳೆಯ ತಕ್ಕಡಿಯ ಐದು ಕಿಲೋ ಕಲ್ಲು, ಮೂರನೆಯದಕ್ಕೆ ಮಗ್ಗದ ಒಂದು ಕಬ್ಬಿಣದ ತುಂಡು ಇಟ್ಟರು. ನಾಲ್ಕನೆಯದಕ್ಕೆ ಸರಿಯಾದ ಭಾರ ಸಿಗಲಿಲ್ಲ. ಸಿಗಲಿಲ್ಲ ಅಂದರೆ, ನಾನು ತಂದ ಇಟ್ಟಿಗೆಗೆ ಮಾಮಾ ಧೂಳು ಅಂದರು, ಅಕ್ಕಾತಾಯಿ ಕೊಟ್ಟ ಒಳಕಲ್ಲಿಗೆ ಅಂಚು ಚೂಪು ಅಂದರು. ಕೊನೆಗೆ ತಾವೇ ನಾಲ್ಕನೆಯ ಮೂಲೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕೂತು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಮಾಮಿ ಹೊಲಿಯುತ್ತಾ, "ಆ ಕಲ್ಲು ಮೂರೂ ಸುಮ್ಮ ಕುಂತಾವು, ಈ ಕಲ್ಲ ಒಂದ ಮಾತಾಡ್ತೈತಿ" ಎನ್ನುತ್ತಿದ್ದರು.

ಹೀಗೆ ಒಂದೂವರೆ ತಿಂಗಳು. ಆ ದಿನ ಬಂತು.

ನಮ್ಮ ಕಡೆ ಕೌದಿ ಮುಗಿಯುವಾಗ ಅದಕ್ಕೆ ಉಣಿಸುವ ಪದ್ಧತಿ ಇದೆ. ಹೊಲಿಗೆ ಎಲ್ಲ ಆದ ಮೇಲೆ ನಾಲ್ಕು ಮೂಲೆಗೆ ಒಂದೊಂದು ಮೂರು ಮೂಲೆಯ ತುಂಡು ಹಚ್ಚುತ್ತಾರೆ. ಕೊನೆಯ ಮೂಲೆಯ ತುಂಡನ್ನು ಎರಡು ಕಡೆ ಹೊಲಿದು, ಮೂರನೆಯ ಕಡೆ ಬಾಯಿಯ ಹಾಗೆ ಬಿಟ್ಟು, ಆ ದಿನದ ಅಡುಗೆಯ ಒಂದು ತುತ್ತು ಅದರೊಳಗೆ ಇಟ್ಟು ಬಾಯಿ ಮುಚ್ಚಿ ಹೊಲಿಯುತ್ತಾರೆ. ಕೌದಿ ಉಪವಾಸ ಇದ್ದರೆ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಬೀಗರಿಬ್ಬರಿಗೂ ಊಟಕ್ಕೆ ಹೇಳಿದ್ದರು. ಕಬ್ಬು ಕಡಿಯುವ ಗಡಿಬಿಡಿಯಲ್ಲಿ ಅಳಿಯನಿಗೆ ಬರಲಾಗಲಿಲ್ಲ. ಹೋಳಿಗೆಯ ಹೂರಣ ಒಲೆಯ ಮೇಲಿತ್ತು, ಶೋಭಾ ಕುರ್ಚಿ ಹಾಕಿಕೊಂಡು ಕೂತು ಅದನ್ನು ಕಾಯುತ್ತಿದ್ದಳು.

ಮಾಮಿ ನಾಲ್ಕನೆಯ ಮೂಲೆಗೆ ಬಂದರು. ಮಾಮಾ ಒಂದು ಗೇಣು ಒಳಕ್ಕೆ ಸರಿದು ಕೂತರು, ಪೇಪರು ಓದುತ್ತಲೇ. ನಾನು ಬಾಗಿಲ ಹತ್ತಿರ ಕೂತು ನನ್ನ ನಕ್ಷೆಗಳನ್ನು ಮಡಚುತ್ತಿದ್ದೆ. ನನಗೂ ಆ ಮೂಲೆಗೂ ನಡುವೆ ಆರು ಅಡಿ ಅಂತರ, ಬೆಳಕು ಚೆನ್ನಾಗಿತ್ತು. ಆದ್ದರಿಂದ ನಾನು ಕಂಡದ್ದರಲ್ಲಿ ತಪ್ಪಿಲ್ಲ. ಮಾಮಾನ ಧೋತರದ ಒಂದು ಸೆರಗು ಮೂಲೆಯ ಮೇಲೆ ಬಿದ್ದಿತ್ತು. ಮಾಮಿ ಕೆಂಪು ತುಂಡನ್ನು ಅದರ ಮೇಲೆಯೇ ಇಟ್ಟು ಹೊಲಿಯತೊಡಗಿದರು. ಬೆರಳಿಗೆ ಯಾಕೆ ತಿಳಿಯಲಿಲ್ಲ? ಕೌದಿಯ ಪದರುಗಳೂ ಮಾಮಾನ ಹಳೆಯ ಧೋತರಗಳೇ. ಬೆರಳಿಗೆ ಅದೂ ಮಾಮಾ, ಇದೂ ಮಾಮಾ.

ಮೂರನೆಯ ಹೊಲಿಗೆಗೆ ಮಾಮಾ ಕೆಳಗೆ ನೋಡಿದರು. ಓದುವುದು ನಿಲ್ಲಿಸಲಿಲ್ಲ. ಆದರೆ ಸಕ್ಕರೆ ಕಾರ್ಖಾನೆಯ ಸುದ್ದಿಯ ಅದೇ ಸಾಲನ್ನು ಮತ್ತೆ ಓದಿದರು. ಮತ್ತೆ ಓದಿದರು. ಮಾಮಿ, "ಏನ್ರಿ, ಅವ್ರು ಒಂದ ಮಾತ ಎಷ್ಟ ಸಲಾ ಬರದಾರ?" ಎಂದು ಕೇಳಿದರು.

"ಭಾಳ ಸಲಾ ಬರದಾರ" ಎಂದರು ಮಾಮಾ.

ಎರಡು ಕಡೆ ಮುಗಿಯುವ ಹೊತ್ತಿಗೆ ಒಳಗಿನಿಂದ ಶೋಭಾ, "ಅವ್ವಾ, ಹೂರಣ ತಳಾ ಹತ್ತಾಕತ್ತೈತಿ" ಎಂದಳು. ಮಾಮಿ ಸೂಜಿಯನ್ನು ದಿಂಬಿಗೆ ಚುಚ್ಚಿ ಗೋಡೆ ಹಿಡಿದು ಒಳಗೆ ಹೋದರು.

ಮಾಮಾ ಏಳಲು ನೋಡಿದರು. ಕೌದಿಯೂ ಜೊತೆಗೆ ಎದ್ದಿತು. ಕೂತರು. ನನ್ನ ಕಡೆ ತಿರುಗಿ ಅಂಗೈ ನೆಟ್ಟಗೆ ಎತ್ತಿದರು: ನಿಲ್ಲಿಸು. ಆಮೇಲೆ ಎರಡು ಬೆರಳು ಕೂಡಿಸಿ ಬಿಟ್ಟರು.

ನಾನು ಹೊಲಿಗೆ ಬಿಚ್ಚುವ ಹಾಗೆ ಕೈಯಾಡಿಸಿ ತೋರಿಸಿದೆ. ಮಾಮಾ ತಲೆ ಅಲ್ಲಾಡಿಸಿದರು. ಅವರೇ ಸರಿ. ಬಿಚ್ಚಿದರೆ ಮಾಮಿ ಬಂದ ಕೂಡಲೆ ಬೆರಳಿಗೆ ಹೊಲಿಗೆ ಸಿಗುವುದಿಲ್ಲ. ನಾವು ಮತ್ತೆ ಹೊಲಿದರೆ ನಮ್ಮ ಹೊಲಿಗೆ ಯಾರದೆಂದು ತಿಳಿಯಲು ಅವರಿಗೆ ಅರ್ಧ ಗಳಿಗೆಯೂ ಬೇಡ. ಗೋಡೆಯ ಮೇಲಿನ ನೀಲಿ ಕತ್ತರಿಯೊಳಗಿಂದ ನಿಜವಾದ ಕತ್ತರಿಯನ್ನು ತೆಗೆದು ಕೊಟ್ಟೆ.

ಮಾಮಾ ತಾವು ಉಟ್ಟ ಧೋತರವನ್ನು ಕತ್ತರಿಸಿದರು. ಬೀಗರು ಬಂದಾಗ ಉಡುವ ಅವರ ಒಳ್ಳೆಯ ಧೋತರ ಅದು, ಒಗೆದೊಗೆದು ಮೆತ್ತಗಾದದ್ದು. ಅವಸರ ಮಾಡಲಿಲ್ಲ. ಕೆಂಪು ತುಂಡಿನ ಅಂಚಿನಿಂದ ನಾಲ್ಕು ಬೆರಳು ಬಿಟ್ಟು, ಒಂದು ಗೇಣು ಉದ್ದ, ನೆಟ್ಟಗೆ. ಕತ್ತರಿಯ ಸದ್ದು ಕೇಳಬಾರದೆಂದು ಅಷ್ಟೂ ಹೊತ್ತು ಗಟ್ಟಿಯಾಗಿ ಕೆಮ್ಮಿದರು. ಮುಗಿದ ಮೇಲೆ ಕತ್ತರಿಯನ್ನು ನನ್ನ ಕೈಗಿತ್ತು, ಅದರ ನೆರಳಿನೊಳಗೆ ಸರಿಯಾಗಿ ಇಟ್ಟೆನೋ ಇಲ್ಲವೋ ಎಂದು ನೋಡಿದರು. ಅಂಥ ಹೊತ್ತಿನಲ್ಲೂ.

ಧೋತರ ಬದಲಿಸಲು ಅಡುಗೆಮನೆ ದಾಟಿ ಒಳಕೋಣೆಗೆ ಹೋಗಬೇಕು. ಅಡುಗೆಮನೆಯಲ್ಲಿ ಮಾಮಿ. ಹೊರಗೆ ಹೋಗೋಣವೆಂದರೆ ಬಾಗಿಲಲ್ಲಿ ಬೀಗರು ಚಪ್ಪಲಿ ಬಿಡುತ್ತಿದ್ದರು.

ನಾನು ಕೌದಿಯನ್ನು ಮೇಲೇರಿಸಿದೆ, ತಾಟು ಹಾಕಿದೆ. ಬೀಗರು ನೆಲ ನೋಡಿ ಕೆಂಪು ವರ್ತುಲದ ಹಿಂದೆ ಕೂತರು. ಬೀಗರ ತಾಟಿಗೆ ಮೊದಲನೆಯ ಹೋಳಿಗೆ ಮನೆಯ ಯಜಮಾನ ನೀಡಬೇಕು. ಮಾಮಾ ಒಂದು ಕೈಯಲ್ಲಿ ಹೋಳಿಗೆಯ ಬುಟ್ಟಿ, ಇನ್ನೊಂದು ಕೈಯಿಂದ ಹಿಂದೆ ಪೇಪರು ಹಿಡಿದು, ಬೆನ್ನು ಗೋಡೆಗೆ ಹಚ್ಚಿ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಬಂದರು.

"ಏನ್ರಿ ಬೀಗರ, ಬೆನ್ನ ಹಿಡಕೊಂಡೈತೇನು?"

"ಇಲ್ರಿ. ಗ್ವಾಡಿ ಸುಣ್ಣಾ ಹೆಂಗೈತಿ ಅಂತ ನೋಡಾಕತ್ತೀನಿ."

"ಬೆನ್ನಿಲೆ ನೋಡ್ತೀರೇನು?"

"ನಮ್ಮಲ್ಲಿ ಹಂಗ ನೋಡ್ತಾರ್ರಿ."

ಬೀಗತಿ ಸೆರಗಿನಲ್ಲಿ ನಕ್ಕರು. ಮಾಮಿ ನಗಲಿಲ್ಲ. ಅವರು ತುಪ್ಪದ ಬಟ್ಟಲು ಹಿಡಿದು ತಲೆಯನ್ನು ಸ್ವಲ್ಪ ಓರೆ ಮಾಡಿ ಮಾಮಾನ ಹೆಜ್ಜೆಯ ಸದ್ದನ್ನೇ ಕೇಳುತ್ತಿದ್ದರು. ಹೋಳಿಗೆ ಮೆತ್ತಗಿತ್ತು, ಆಮಟಿಗೆ ಖಾರ ಹದವಾಗಿತ್ತು ಎಂದು ಬೀಗರು ಎರಡು ಸಲ ಹೇಳಿದರು. ನಾನು ಎಷ್ಟು ಉಂಡೆನೋ ನೆನಪಿಲ್ಲ. ತಲೆಯ ಮೇಲೆ ಕೌದಿ ತೂಗುತ್ತಿತ್ತು, ಅದರ ಮೂಲೆಯಿಂದ ಬಿಳಿಯ ತುಂಡು ನಾಲ್ಕು ಬೆರಳು ಹೊರಗೆ ಚಾಚಿತ್ತು.

ಊಟವಾಯಿತು. ತಾಟು ತೆಗೆದು ನೆಲ ಒರೆಸಿ ಕೌದಿ ಇಳಿಸಿದೆ. ಮಾಮಾ ಪೇಪರಿನ ಸಮೇತ ಗೋಡೆಗೆ ಒರಗಿ ನಿಂತಿದ್ದರು. ಮಾಮಿ ಹೋಳಿಗೆಯ ಒಂದು ತುಣುಕನ್ನು ಹೆಬ್ಬೆರಳಿನಷ್ಟು ಮುರಿದುಕೊಂಡು ನಾಲ್ಕನೆಯ ಮೂಲೆಗೆ ಕೂತರು. ಎಡಗೈಯಿಂದ ಬಾಯಿ ಎಲ್ಲಿದೆ ಎಂದು ಹುಡುಕಿದರು. ಬೆರಳು ಬಿಳಿಯ ತುಂಡಿನ ಮೇಲೆ ಹೋಯಿತು. ಮುಂದೆ ಹೋಗಿ ಹಿಂದೆ ಬಂತು. ಹೆಬ್ಬೆರಳು ಅಂಚನ್ನು ತಿಕ್ಕಿತು.

ಅಂಚು ಹಸಿಯಾಗಿತ್ತು. ಎಳೆ ಬಿಡುತ್ತಿತ್ತು.

ಮಾಮಿ ತಲೆ ಎತ್ತಿದರು. ಮಾಮಾ ಇದ್ದ ಕಡೆಗಲ್ಲ, ಮಾಮಾ ನಡೆದು ಬಂದಿದ್ದ ಗೋಡೆಯ ಉದ್ದಕ್ಕೂ ಮುಖ ತಿರುಗಿಸಿದರು. ಮತ್ತೆ ತಲೆ ತಗ್ಗಿಸಿದರು. ಸೂಜಿ ದಿಂಬಿನಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ. ನಾನು ಮಾಮಾನ ಕಡೆ ನೋಡಿದೆ. ಅವರ ಅಂಗೈ ನೆಟ್ಟಗೆ ಮೇಲೆದ್ದಿತ್ತು. ಮಾಮಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ಎತ್ತಿದ್ದರು.

ಬೀಗತಿ ಬಗ್ಗಿ ನೋಡಿದರು. "ಮೂಲ್ಯಾಗ ಅದೇನ್ರಿ ಬೀಗತಿ, ಬಿಳೀದು? ಹೊರಗ ಬಂದೈತಲ್ಲ."

ಮಾಮಿ ಹೋಳಿಗೆಯ ತುಣುಕನ್ನು ಕೆಂಪು ತುಂಡಿನ ಕೆಳಗೆ, ಬಿಳಿಯ ಅರಿವೆಯ ಮೇಲೆ ಇಟ್ಟರು. ಹೊರಗೆ ಚಾಚಿದ್ದ ಬಿಳಿಯ ಅಂಚನ್ನು ಒಳಕ್ಕೆ ಮಡಚದೆ, ಹೊರಗಿಟ್ಟುಕೊಂಡೇ ಅದರ ಎಳೆಗಳನ್ನು ಬೆರಳಿನಿಂದ ಒತ್ತಿ ಸರಿಮಾಡಿದರು.

"ಭಾರ ಅದು" ಎಂದರು. "ನಾಕನೇ ಮೂಲಿಗಿ ಬೇಕಾಗಿತ್ತು."

ಕೈ ಚಾಚಿ ದಿಂಬಿನಿಂದ ಸೂಜಿ ತೆಗೆದುಕೊಂಡರು. ಬಾಯಿ ಮುಚ್ಚಿ ಹೊಲಿದರು. ಬಿಳಿಯ ತುಂಡಿನ ಸುತ್ತಲೂ ಒಂದು ಸುತ್ತು ಹಾಕಿದರು. ನಾನು ಕಂಡ ಅವರ ಹೊಲಿಗೆಗಳಲ್ಲಿ ಅಷ್ಟು ಸಣ್ಣದು ಬೇರೆ ಇಲ್ಲ.

ಮಾಮಾನ ಕೈಯಿಂದ ಪೇಪರು ಯಾವಾಗ ಬಿತ್ತೋ ತಿಳಿಯದು. ಅವರು ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದರು. ಹಿಂದೆ ಧೋತರದಲ್ಲಿ ಒಂದು ಗೇಣಿನ ಕಿಟಕಿ. ಬೀಗರು ನೋಡಿದರು, ಬಾಯಿ ತೆರೆದರು. ಬೀಗತಿ ಅವರ ಮೊಣಕಾಲಿಗೆ ಕೈ ಒತ್ತಿದರು. ಬೀಗರು ಬಾಯಿ ಮುಚ್ಚಿ ಗೋಡೆಯ ಸುಣ್ಣ ನೋಡತೊಡಗಿದರು. ಯಾರೂ ನಗಲಿಲ್ಲ.

ಮಾಮಿ ದಾರವನ್ನು ಹಲ್ಲಿನಿಂದ ಕಡಿದರು. "ಏನ್ರಿ, ನಾಳಿ ಮುಂಜಾನಿ ಏಳಲ್ಲ, ಎಂಟ ಸೂಜಿ ಪೋಣಿಸಿಡ್ರಿ" ಎಂದರು, ಯಾವಾಗಲೂ ಹೇಳುವ ದನಿಯಲ್ಲಿ. "ಒಂದ ಧೋತರದ ಕೆಲಸ ಐತಿ."

ಮಾಮಾ ಏನೋ ಹೇಳಲು ಹೋದರು. ಮೂರು ಮನೆಯಾಚೆ ಕೇಳುವ ಅವರ ದನಿ ಅಂದು ನನಗೂ ಕೇಳಲಿಲ್ಲ. ನೆಲವನ್ನೂ ನೋಡದೆ, ಕೌದಿಯ ಅಂಚಿನಾಚೆ ಅರ್ಧ ಕಾಣುತ್ತಿದ್ದ ತಮ್ಮ ತಾಟಿನ ವರ್ತುಲದ ಮೇಲೆಯೇ ಕೂತುಬಿಟ್ಟರು.